ತೊಲೆಯಿಲ್ಲದ ಸಂಸಾರ

ಮನೆ ಬಿಟ್ಟವನನ್ನು ಜನ ಒಂದೋ ಸನ್ಯಾಸಿ ಎನ್ನುತ್ತಾರೆ, ಇಲ್ಲವೇ ದಿವಾಳಿಯೆದ್ದವನು ಎನ್ನುತ್ತಾರೆ. ಹೆಂಡತಿ, ಹಾಸಿಗೆ, ಉಪ್ಪಿನಕಾಯಿ ಭರಣಿ ಸಮೇತ ಮನೆ ಬಿಟ್ಟವನಿಗೆ ಏನೆನ್ನಬೇಕೋ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ದಿನಚರಿ ಬರೆಯುವ ಚಟ ನನಗಿದೆ. ಆದರೆ ಬರೆದದ್ದನ್ನು ಆಮೇಲೆ ಓದಿದರೆ, ಇಷ್ಟು ಜಾಣ ಮನುಷ್ಯ ಇಂಥ ಕೆಲಸ ಹೇಗೆ ಮಾಡಿದನೆಂದು ನನಗೇ ಆಶ್ಚರ್ಯವಾಗುತ್ತದೆ. ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಓದಿರಿ.

ನಿಜಾಮ ಸರಕಾರದಲ್ಲಿ ಶಾಲೆಗಳ ತಪಾಸಣೆ ನನ್ನ ನೌಕರಿ. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಸದಾ ದೌರಾ, ಅಂದರೆ ಸರಕಾರಿ ಅಲೆದಾಟ. ನಾನು ಹೊರಟರೆ ಹೆಂಡತಿ ನೀಲಮ್ಮ ತವರೂರಾದ ಮುದನಾಳಕ್ಕೆ ಹೊರಡುವಳು. ಶಹಾಪುರದ ಬಾಡಿಗೆ ಮನೆಯಲ್ಲಿ ಬೀಗವೊಂದೇ ಕಾಯಂ ನಿವಾಸಿ. ಹೈದರಾಬಾದಿನಲ್ಲಿ ತರ್ಕಶಾಸ್ತ್ರ ಓದಿ ಬಂದ ತಲೆ ನನ್ನದು. ಯಾರೂ ಇರದ ಮನೆ ಯಾತಕ್ಕೆ? ಮನೆ ಬಿಟ್ಟೆ. ಬಿದಿರು ಕಮಾನಿನ ದೊಡ್ಡ ಬಂಡಿಯೊಂದನ್ನು ಕೊಂಡು, ಒಳಗೆ ಹಲಗೆ ಬಡಿಸಿ, ಕೆಳಗೆ ಒಲೆ ತೂಗುಹಾಕಿ, ಸಂಸಾರವನ್ನೇ ಅದರಲ್ಲಿ ಹೂಡಿದೆ.

"ಇನ್ನ ಮೂರೂ ತಾಲೂಕು ನಮ್ಮ ಅಂಗಳ," ಎಂದೆ ನೀಲಮ್ಮನಿಗೆ.

"ಮೂರೂ ತಾಲೂಕಿನ ಕಸಾ ನಾ ಒಬ್ಬಾಕೀನ ಹೊಡೀಲೇನ್ರಿ?" ಎಂದಳು.

ಅದನ್ನು ಒಪ್ಪಿಗೆ ಎಂದುಕೊಂಡೆ. ತರ್ಕಶಾಸ್ತ್ರದಲ್ಲಿ ಧ್ವನಿಯ ಬಗ್ಗೆ ಏನೂ ಹೇಳಿಕೊಡುವುದಿಲ್ಲ.

ಬಂಡಿಯ ಸುಖ ಹೇಳಿ ತೀರದು. ಮಳೆ ಬಂದರೆ ಕಡತಗಳ ಮೇಲೆ ಚಾಪೆ, ನಮ್ಮ ಮೇಲೆ ಮಳೆ. ಕೊಡೇಕಲ್ಲಿನ ಜಾತ್ರೆಗೆ ಬಂದ ಹೆಂಗಸೊಬ್ಬಳು ಬಂಡಿಯೊಳಗೆ ಕೈಚಾಚಿ, "ಬಳಿ ತೋರಸ್ರಿ, ಹಸರ ಗಾಜಿಂದು," ಎಂದಳು. ಸುರಪುರದ ಕಡೆಯ ಒಬ್ಬ ಮಾಸ್ತರರಂತೂ ಶಾಲೆಯ ಮುಂದೆ ಬಂಡಿ ನಿಂತದ್ದು ಕಂಡು ಬೆತ್ತ ಹಿಡಿದೇ ಓಡಿಬಂದರು. "ಏ, ಹಲ್ಲಿನ ಔಷಧಾ ಮಾರೋದೆಲ್ಲ ಅತ್ತಾಗ! ಇಲ್ಲಿ ಸಾಹೇಬ್ರು ಬರೋರದಾರ!" ಬರಬೇಕಾದ ಸಾಹೇಬ ಆಗ ಬಂಡಿಯ ಹಿಂದೆ ಕೂತು ಅಕ್ಕಿ ಆರಿಸುತ್ತಿದ್ದ.

ಇದೆಲ್ಲ ನಗುವ ಮಾತು. ನೀಲಮ್ಮ ಚೊಚ್ಚಲ ಹೆರಿಗೆಗೆ ಮುದನಾಳಕ್ಕೆ ಹೋದಳು, ಹೆಣ್ಣು ಕೂಸು ಹುಟ್ಟಿತು. ಬಾಣಂತಿಯನ್ನೂ ಕೂಸನ್ನೂ ಕರೆತರಲು ಬಂಡಿ ಕಟ್ಟಿಕೊಂಡು ಹೋದೆ. ಮಾವನವರು ತೇಗದ ಹೊಸ ತೊಟ್ಟಿಲು ಮಾಡಿಸಿಟ್ಟಿದ್ದರು. ಕೂಸಿನ ಜೊತೆ ತೊಟ್ಟಿಲು ಕಳಿಸುವುದು ತವರಿನ ಮರ್ಯಾದೆ.

"ಅಳಿಯಸಾಹೇಬ್ರ, ಇದನ್ನ ಯಾವ ತೊಲಿಗೆ ಕಟ್ತೀರಿ?" ಎಂದು ಕೇಳಿದರು.

ನಾನು ಬಂಡಿಯ ಕಮಾನು ತೋರಿಸಿದೆ. ಅವರು ಒಳಗಿನಿಂದ ಗುಂಡುಕಲ್ಲು ತರಿಸಿದರು. ಹೊಸ ತೊಟ್ಟಿಲಿಗೆ ಕೂಸಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ಮಲಗಿಸುವುದು ನಮ್ಮಲ್ಲಿಯ ಪದ್ಧತಿ. ಅತ್ತೆಯವರು ಕಲ್ಲಿನ ನೆತ್ತಿಗೆ ಕೂಸಿನ ಕುಲಾಯಿ ತೊಡಿಸಿ ಕಾಡಿಗೆ ಹಚ್ಚಿದರು. ಕಲ್ಲು ನನಗಿಂತ ಲಕ್ಷಣವಾಗಿ ಕಂಡಿತು. ನಾನೇ ನನ್ನ ಕೈಯಾರೆ ತೊಟ್ಟಿಲನ್ನು ಕಮಾನಿಗೆ ಕಟ್ಟಿ, ಕಲ್ಲನ್ನು ಅದರಲ್ಲಿ ಮಲಗಿಸಿದೆ. ಬಂಡಿ ಹೊಡೆಯುವ ಭೀಮಣ್ಣ ಎತ್ತುಗಳನ್ನು ಎಬ್ಬಿಸಿದ. ಓಣಿ ದಾಟುವ ಮೊದಲೇ ತೊಟ್ಟಿಲು ಒಂದು ಮಗ್ಗುಲಿಗೆ ಕಳಚಿ, ಕಲ್ಲು ಕುಲಾಯಿ ಸಮೇತ ಹಿಂದಿನಿಂದ ಉರುಳಿ ಬಿದ್ದಿತು.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಂಡಿಯ ಹಿಂದೆ ನಡೆದು ಬರುತ್ತಿದ್ದ ನೀಲಮ್ಮ ಕೂಸನ್ನು ಎದೆಗವಚಿಕೊಂಡು, ಮಣ್ಣಾದ ಆ ಕುಲಾಯಿಯನ್ನೇ ನೋಡುತ್ತ ನಿಂತಿದ್ದಳು.

"ಮನಿ ಮಾಡ್ರಿ. ಕೀಲಿ ತಂದ ತೋರಸ್ರಿ. ಆಮ್ಯಾಲ ಬರ್ತೀನಿ," ಎಂದು ತಿರುಗಿ ತವರುಮನೆಯೊಳಗೆ ಹೋದಳು.

ಕಮಾನಿಗೆ ಹುಳು ಹತ್ತಿತ್ತೆಂದು ದಿನಚರಿಯಲ್ಲಿ ಬರೆದಿದ್ದೇನೆ. "ಕಮಾನ ಘಟ್ಟಿನೇ ಇತ್ರಿ ಸಾಹೇಬ್ರ. ಗಂಟ ನಿಮ್ದು," ಎನ್ನುತ್ತಾನೆ ಭೀಮಣ್ಣ. ಈಗೀಗ ನನಗೂ ಹಾಗೆಯೇ ನೆನಪಾಗುತ್ತದೆ.

ತೊಟ್ಟಿಲನ್ನು ಮಾವನವರು ಬಂಡಿಯಲ್ಲಿ ಹಾಕಿಸಿಬಿಟ್ಟರು. ಅದರೊಡನೆ ಶಹಾಪುರಕ್ಕೆ ಬಂದು ಮನೆ ಹುಡುಕಿದೆ. ಇದ್ದ ಮನೆಗೆ ಬೇರೆಯವರು ಬಂದಾಗಿತ್ತು. "ಬಂಡ್ಯಾಗ ಇರೋರು, ನಾಳೆ ಎದ್ದು ಹೋಗ್ತೀರಿ," ಎಂದು ಉಳಿದವರು ಬಾಗಿಲು ಹಾಕಿಕೊಂಡರು. ಕೊನೆಗೆ ಕೋಟೆಯ ಕಡೆ ಬಸವ್ವ ಎಂಬ ಮುದುಕಿಯ ಮನೆ ಖಾಲಿ ಇದೆಯೆಂದು ತಿಳಿಯಿತು. ಬಾವಿ, ಒಲೆ ಏನನ್ನೂ ನಾನು ನೋಡಲಿಲ್ಲ. ಪಡಸಾಲೆಯ ತೊಲೆ ನೋಡಿದೆ. ಎಂಥ ತೊಲೆ! ಮುದುಕಿ ನನಗೆ ನೀರು ತರಲು ಹೋದಾಗ, ಬಂಡಿಯಿಂದ ಹಗ್ಗ ತಂದು, ತೊಲೆಗೆ ಎಸೆದು, ಈ ಸಲ ಸರಿಯಾಗಿ ಗಂಟು ಹಾಕಿ, ಭಾರ ತಡೆಯುತ್ತದೋ ಎಂದು ಜಗ್ಗುತ್ತ ನಿಂತೆ.

ತಂಬಿಗೆ ಬಿದ್ದ ಸದ್ದಾಯಿತು.

"ಯಪ್ಪಾ! ಬ್ಯಾಡೋ ಯಪ್ಪಾ! ಏನ ಕಷ್ಟಾ ಬಂದ್ರೂ ಹಿಂಗ ಮಾಡ್ಕೋತಾರೇನು?"

"ತೊಟ್ಟಿಲಾ ಕಟ್ಟಾಕ ನೋಡಾಕತ್ತಿದ್ದೆ, ಅವ್ವಾ."

"ಕೂಸೆಲ್ಲದ?"

"ಮುದನಾಳದಾಗ."

"ಹೆಣ್ತಿ?"

"ಆಕೀನೂ ಮುದನಾಳದಾಗ."

"ತೊಟ್ಟಿಲಾ?"

"ಬಂಡ್ಯಾಗ."

ಮುದುಕಿ ನನ್ನ ಬೆಳೆದ ಗಡ್ಡವನ್ನು, ಒಳಹೊಕ್ಕ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಹಗ್ಗ ಬಿಚ್ಚಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. "ಮೊದಲ ಹೆಣ್ತಿ-ಕೂಸಿನ ಕರಕೊಂಡ ಬರ್ರಿ. ಅವ್ರ ಮಾರಿ ನೋಡಿ ಕೀಲಿ ಕೊಡ್ತೀನಿ. ಒಬ್ಬಂಟಿ ಗಂಡಸಿನ ಕೈಯಾಗ ಈ ತೊಲಿ ಕೊಡಂಗಿಲ್ಲ," ಎಂದಳು.

ಮುದನಾಳಕ್ಕೆ ಹೋಗಿ ಎಲ್ಲವನ್ನೂ ವಿವರಿಸಿದೆ. ಹಗ್ಗದ ಸಂಗತಿ ಬಿಟ್ಟು. ನೀಲಮ್ಮ ಕೇಳಿ, "ಕೀಲಿ ಎಲ್ಲದ?" ಎಂದಳು. ಅಷ್ಟೇ. ಶಹಾಪುರಕ್ಕೆ ತಿರುಗಿ ಬಂದರೆ ಬಸವ್ವ, "ಕೂಸೆಲ್ಲದ?" ಎನ್ನುತ್ತಾಳೆ. ಇಬ್ಬರ ಮಾತಿನಲ್ಲೂ ತಪ್ಪು ಹುಡುಕಿದೆ. ಓದಿದ ಶಾಸ್ತ್ರ ಈಗಲೂ ಉಪಯೋಗಕ್ಕೆ ಬರಲಿಲ್ಲ.

ಹೀಗಾಗಿ ಈ ದಾರಿಯಲ್ಲೇ ಓಡಾಡುತ್ತಿದ್ದೇನೆ. ಎದುರು ಬಂದವರು ಬಂಡಿಯಲ್ಲಿ ತೊಟ್ಟಿಲು ಕಂಡು, "ಸಾಹೇಬ್ರ, ಕೂಸ ಏನ ಮಾಡ್ತದ್ರಿ?" ಎಂದು ಬಾಯಿತುಂಬ ವಿಚಾರಿಸುತ್ತಾರೆ.

"ಮಲಗೇದ್ರಿ," ಎನ್ನುತ್ತೇನೆ, ಸಣ್ಣ ದನಿಯಲ್ಲಿ. ಅವರು ಎಚ್ಚರಾದೀತೆಂದು ಮೆಲ್ಲಗೆ ಹೆಜ್ಜೆಯಿಟ್ಟು ದೂರ ಹೋಗುತ್ತಾರೆ.