ದೊಡ್ಡಮ್ಮನ ಕೆಸುವೂ ಹವಾಯಿ ಆಂಟಿಯೂ

ನಮ್ಮ ದೊಡ್ಡಮ್ಮ ಹೆತ್ತ ಮಗಳ ಮನೆ ಬಿಟ್ಟು ಬಂದದ್ದು ಕೆಸುವಿನ ಎಲೆಗೋಸ್ಕರ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವಳ ಅಳಿಯನೂ ಇವತ್ತಿನವರೆಗೆ ನಂಬಿಲ್ಲ. ಮೆಲ್ಬರ್ನಿನ ಚಳಿಗೆ ಅತ್ತೆಯವರ ಮಂಡಿ ಹಿಡಿದುಕೊಳ್ಳುತ್ತಿತ್ತು, ಅದಕ್ಕೇ ಸಿಡ್ನಿಗೆ ಹೋದರು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾನೆ. ಮಂಡಿಯಂತೆ! ಎಪ್ಪತ್ತೆರಡರಲ್ಲೂ ಸ್ಟೂಲ್ ಹತ್ತಿ ಬೇಲಿ ದಾಟಿ ಪಕ್ಕದ ಮನೆಯ ಮಣ್ಣು ಮುಟ್ಟಿ ನೋಡುವವಳಿಗೆ ಮಂಡಿನೋವೆ?

ನಡೆದದ್ದು ಇಷ್ಟು. ದೊಡ್ಡಮ್ಮ ಹುಟ್ಟಿದ್ದು ಕಾರ್ಕಳದಲ್ಲಿ, ಸಂಸಾರ ಮಾಡಿದ್ದು ಬೆಂಗಳೂರಿನ ಬಸವನಗುಡಿಯಲ್ಲಿ. ಎಲ್ಲಿಗೆ ಹೋದರೂ ಪತ್ರೊಡೆ ಮಾತ್ರ ಅವಳನ್ನು ಬಿಡಲಿಲ್ಲ. ಪತ್ರೊಡೆಗೆ ಹಿಟ್ಟು ಹಚ್ಚಿ ಸುತ್ತಲು ಕೆಸುವಿನ ಎಲೆ ಬೇಕು, ಕೆಸುವಿಗೆ ಮೇಲೆ ಬಿಸಿಲು, ಬುಡದಲ್ಲಿ ನೀರು ಎರಡೂ ಬೇಕು. ಮಗಳ ಜೊತೆ ಇರಲೆಂದು ಹೋದ ಮೆಲ್ಬರ್ನಿನಲ್ಲಿ ಜೂನೆಂದರೆ ಚಳಿಗಾಲ, ಮೊದಲ ಜೂನಿಗೇ ಗಿಡಗಳು ಕಪ್ಪಾಗಿ ಮಲಗಿದವು. ಮುಂದಿನ ಚಳಿಗಾಲಕ್ಕೆ ಅವಳು ಕುಂಡಗಳನ್ನೆಲ್ಲ ಬಾತ್‌ರೂಮಿಗೆ ಸಾಗಿಸಿ ಹೀಟರ್ ಹಾಕಿದಳು. ಟಬ್ಬಿನಲ್ಲಿ ಕೆಸು, ಲಾಂಡ್ರಿಯಲ್ಲಿ ಅಳಿಯನ ಬಕೆಟ್ ಸ್ನಾನ! ಆದರೂ ಗಿಡ ಏಳಲಿಲ್ಲ. ಆ ಸೆಪ್ಟೆಂಬರಿನಲ್ಲಿ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ನಮ್ಮ ಮನೆಗೆ ಒಂದು ವಾರಕ್ಕೆಂದು ಬಂದವಳು, ಸೂಟ್‌ಕೇಸ್ ಒಳಗಿಡುವ ಮೊದಲೇ ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣೆತ್ತಿ ಮೂಸಿದಳು. ನಾಲ್ಕು ವರ್ಷವಾಯಿತು, ಆ ವಾರ ಇನ್ನೂ ಮುಗಿದಿಲ್ಲ.

ನಮ್ಮ ದೇಶದ ಅಂಗಡಿಗಳೇ ತುಂಬಿರುವ ಹ್ಯಾರಿಸ್ ಪಾರ್ಕಿನಲ್ಲಿ ಅವಳು ಕೆಸುವಿನ ಗೆಡ್ಡೆ ಆರಿಸುವುದನ್ನು ನೀವು ನೋಡಬೇಕಿತ್ತು. ಹೆಣ್ಣು ನೋಡಲು ಹೋದವರೂ ಅಷ್ಟು ಪರೀಕ್ಷೆ ಮಾಡುವುದಿಲ್ಲ. ಅಂಗಡಿಯವನು ಮೊಳಕೆಯೊಡೆದ ಗೆಡ್ಡೆಗಳನ್ನು ಬಿಸಾಡಲೆಂದು ಒಂದು ಕ್ರೇಟಿನಲ್ಲಿ ತೆಗೆದಿಟ್ಟಿದ್ದ. ದೊಡ್ಡಮ್ಮ ನೇರವಾಗಿ ಆ ಕ್ರೇಟಿಗೇ ಕೈ ಹಾಕಿದಳು. ಪಾಪ, ಕಷ್ಟದಲ್ಲಿರುವ ಮುದುಕಿ ಎಂದುಕೊಂಡು ಆತ ಒಳ್ಳೆಯ ಗೆಡ್ಡೆಗಳನ್ನೇ ಒಂದು ಚೀಲ ತುಂಬಿ ಪುಕ್ಕಟೆ ಕೊಟ್ಟ. ಇವಳು, ನೆಡಲು ಮೊಳಕೆ ಬಂದದ್ದೇ ಬೇಕೆಂದು, ಅದನ್ನು ವಾಪಸು ಕೊಟ್ಟು ಬಿಸಾಡುವ ಕ್ರೇಟನ್ನೇ ಹೊತ್ತುಕೊಂಡು ಬಂದಳು. ಅಂದಿನಿಂದ ಆತ ನನ್ನನ್ನು ಕಂಡರೆ ಕನಿಕರದಿಂದ ನೋಡುತ್ತಾನೆ.

ಹಿತ್ತಲು ತುಂಬಿತು. ಪಕ್ಕದ ಮನೆಯ ಏಸಿಯಿಂದ ತೊಟ್ಟಿಕ್ಕುವ ನೀರು ವ್ಯರ್ಥವಾಗುತ್ತಿದೆಯೆಂದು ಅಲ್ಲಿಯೂ ಮೂರು ಗಿಡ ಎದ್ದವು. ನಾನು ಸುಮ್ಮನಿದ್ದೆ, ಅದೇ ತಪ್ಪಾಯಿತು. ನಮ್ಮ ಬೀದಿಯ ಹಿಂದೆ ಒಂದು ಹಳ್ಳ ಹರಿಯುತ್ತದೆ. ಅದರ ದಡ ಸದಾ ಒದ್ದೆ. ಒದ್ದೆ ನೆಲ ಕಂಡರೆ ದೊಡ್ಡಮ್ಮನ ಕೈ ಸುಮ್ಮನಿರುತ್ತದೆಯೆ? ವಾಕಿಂಗ್ ಎಂದು ಹೋಗುವವಳ ಸೆರಗಿನಲ್ಲಿ ಗೆಡ್ಡೆ ಇರುತ್ತಿತ್ತೆಂದು ನನಗೆ ತಿಳಿದದ್ದು ಒಂದು ಶನಿವಾರ. ಹಳ್ಳದ ದಡದ ಕಾಡನ್ನು ನೋಡಿಕೊಳ್ಳುವ ಸ್ವಯಂಸೇವಕರ ತಂಡವೊಂದು ಅಂದು ಗುದ್ದಲಿ ಹಿಡಿದು ಬಂದು ಅವಳ ಕೆಸುವನ್ನು ಕೀಳುತ್ತಿತ್ತು.

ದೊಡ್ಡಮ್ಮ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದಳು. ಹಿಂದೆಯೇ ನಾನು. ತಂಡದ ಮುಖ್ಯಸ್ಥೆ ಒಬ್ಬಳು ಎತ್ತರದ ಹೆಂಗಸು. ಮೊರದಗಲದ ಟೊಪ್ಪಿ ಹಾಕಿಕೊಂಡಿದ್ದರಿಂದ ನಾವು ಅವಳನ್ನು ಟೊಪ್ಪಿಯಮ್ಮ ಎಂದೇ ಕರೆಯುವುದು. ಆಕೆ ಸಮಾಧಾನವಾಗಿಯೇ ವಿವರಿಸಿದಳು. ಈ ಗಿಡ ದಡದಲ್ಲಿ ಬಿದ್ದರೆ ಹಳ್ಳವನ್ನೇ ಮುಚ್ಚಿಬಿಡುತ್ತದೆ, ಇಲ್ಲಿನ ಜೊಂಡಿಗೆ ಜಾಗವಿರುವುದಿಲ್ಲ, ಕಪ್ಪೆಗಳಿಗೆ ನೆಲೆಯಿರುವುದಿಲ್ಲ, ಆದ್ದರಿಂದ ಇಲ್ಲಿ ಇದು ಕಳೆ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಕೇಳಿಸಿಕೊಂಡಳು, ಮನೆಗೆ ಬಂದಳು, ಕಾಲು ತೊಳೆದುಕೊಂಡು ಕೂತಳು.

"ಆಟಿ ತಿಂಗಳ ಮಳೇಲಿ ನಮ್ಮಮ್ಮ ಹನ್ನೆರಡು ಜನಕ್ಕೆ ಉಣ್ಣಿಸ್ತಿದ್ದ ಎಲೆ," ಎಂದಳು. "ಇಲ್ಲಿ ಅದು ಕಳೆಯಂತೆ. ಅದರ ಜೊತೆ ಬಂದ ನಾನೇನು ಹಾಗಾದ್ರೆ? ಬೆಂಗಳೂರಿಗೆ ಟಿಕೆಟ್ ಬುಕ್ ಮಾಡು ಕಣೇ. ರಿಟರ್ನ್ ಬೇಡ."

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ಅವತ್ತು ನನಗೆ ನಗು ಬಂದಿರಲಿಲ್ಲ. ದೊಡ್ಡಮ್ಮ ಹಿತ್ತಲಿಗೆ ನೀರು ಹಾಕುವುದನ್ನು ನಿಲ್ಲಿಸಿದಳು. ಟಿಕೆಟ್ ಏನಾಯಿತೆಂದು ದಿನಕ್ಕೊಂದು ಸಲ ಕೇಳುತ್ತಿದ್ದಳು, ನಾನು ವೆಬ್‌ಸೈಟ್ ಕೆಟ್ಟಿದೆಯೆಂದು ದಿನಕ್ಕೊಂದು ಸುಳ್ಳು ಹೇಳುತ್ತಿದ್ದೆ.

ಮುಂದಿನ ಶನಿವಾರ ತಂಡ ಮತ್ತೆ ಬಂತು. ದೊಡ್ಡಮ್ಮ ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದಳು. ಹತ್ತು ನಿಮಿಷ ತಡೆದುಕೊಂಡಳು. ಆಮೇಲೆ ಆಗಲಿಲ್ಲ. ಯಾಕೆ ಗೊತ್ತೆ? ಗಿಡ ಕೀಳುತ್ತಿದ್ದಾರೆಂದಲ್ಲ, ಕೀಳಲು ಬರುವುದಿಲ್ಲವೆಂದು! ದಂಟು ಹಿಡಿದು ಎಳೆಯುತ್ತಿದ್ದಾರೆ, ಮರಿಗೆಡ್ಡೆಯೆಲ್ಲ ಮಣ್ಣಿನಲ್ಲೇ ಉಳಿಯುತ್ತಿದೆ, ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತದೆ ಎಂದು ಗೊಣಗುತ್ತ ತನ್ನ ಪುಟ್ಟ ಗುದ್ದಲಿ ಹಿಡಿದು ಹೋದಳು. ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಕೆಸು ಮುಟ್ಟಿ ಮೊಣಕೈವರೆಗೆ ಕೆರೆದುಕೊಳ್ಳುತ್ತಿದ್ದ ಸ್ವಯಂಸೇವಕರಿಗೆಲ್ಲ ಮೊದಲು ತೆಂಗಿನೆಣ್ಣೆ ಹಂಚಿದಳು. ತಾನು ನೆಟ್ಟದ್ದನ್ನು ತಾನೇ ಬುಡಸಮೇತ ಕಿತ್ತು ತೋರಿಸಿದಳು. ಟೊಪ್ಪಿಯಮ್ಮ ಅವಳಿಗೆ ಒಂದು ಟೊಪ್ಪಿ ಕೊಟ್ಟಳು. ಸೀರೆಯ ಮೇಲೆ ಆ ಟೊಪ್ಪಿ ಹಾಕಿಕೊಂಡು ಸಂಜೆ ಮನೆಗೆ ಬಂದವಳು, ಎಲ್ಲ ಕಿತ್ತು ಮುಗಿದ ಮೇಲೆ ಹೊರಡುತ್ತೇನೆ, ಟಿಕೆಟ್ ಆಗ ಮಾಡಿಸು ಎಂದಳು.

ಕಿತ್ತ ಗೆಡ್ಡೆಗಳ ಕಥೆ ಕೇಳಿ. ಹತ್ತಿರದ ಕಮ್ಯುನಿಟಿ ಗಾರ್ಡನ್ನಿನಲ್ಲಿ ಹವಾಯಿಯ ಹೆಂಗಸೊಬ್ಬರು ಸುತ್ತ ಗೋಡೆ ಕಟ್ಟಿಸಿದ ತೊಟ್ಟಿಯಲ್ಲಿ ಕೆಸು ಬೆಳೆಸುತ್ತಿದ್ದರು. ಗಿಡ ಹಳ್ಳಕ್ಕೆ ಇಳಿಯುವಂತಿಲ್ಲ, ಹಾಗೆ ಕಟ್ಟಿದ ತೊಟ್ಟಿ. ಅವರೂರಿನಲ್ಲಿ ಕೆಸುವಿಗೆ ಕಲೋ ಎನ್ನುತ್ತಾರೆ, ಮನುಷ್ಯನಿಗೆ ಅದು ಹಿರಿಯಣ್ಣನೆಂದು ನಂಬುತ್ತಾರೆ. ಟೊಪ್ಪಿಯಮ್ಮ ದೊಡ್ಡಮ್ಮನ ಗೆಡ್ಡೆಗಳನ್ನು ಅಲ್ಲಿಗೆ ಮುಟ್ಟಿಸಿದಳು. ಹವಾಯಿಯಲ್ಲೂ ಹಿರಿಯರನ್ನು ಆಂಟಿ ಎಂದೇ ಕರೆಯುವುದು. ಹೀಗಾಗಿ ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಆಂಟಿ ಎನ್ನತೊಡಗಿದರು. ಇಬ್ಬರ ಇಂಗ್ಲಿಷೂ ಅಲ್ಲಿಗೆ ಮುಗಿಯುತ್ತಿತ್ತು ಎಂದರೆ ಹವಾಯಿ ಆಂಟಿಗೆ ಅನ್ಯಾಯವಾಗುತ್ತದೆ. ಮುಗಿಯುತ್ತಿದ್ದುದು ನಮ್ಮವಳದು ಮಾತ್ರ.

ತೊಟ್ಟಿಯ ಕೆಸು ಎದೆಯೆತ್ತರ ಬಂದಾಗ ಗಾರ್ಡನ್ನಿನಲ್ಲಿ ಹವಾಯಿ ಹಬ್ಬ ಇಟ್ಟುಕೊಂಡರು. ಇಲ್ಲೇ ಬೆಳೆದದ್ದರ ಅಡುಗೆ, ಬೆಳಿಗ್ಗೆ ಹಳ್ಳದ ದಡದಲ್ಲಿ ಜೊಂಡು ನೆಡುವುದು, ಮಧ್ಯಾಹ್ನ ಅವರೂರಿನ ಹುಲಾ ನೃತ್ಯ. ಹವಾಯಿ ಆಂಟಿ ಕೆಸುವಿನ ಎಲೆಯಲ್ಲಿ ಹಂದಿಮಾಂಸ ಸುತ್ತಿ ಹಬೆಯಲ್ಲಿಟ್ಟರು. ಒಳಗೇನಿದೆಯೆಂದು ತಿಳಿದ ದೊಡ್ಡಮ್ಮ ತನ್ನ ಪತ್ರೊಡೆಯ ಇಡ್ಲಿ ಪಾತ್ರೆಯನ್ನು ಗಾಳಿ ಬೀಸುವ ದಿಕ್ಕು ನೋಡಿಕೊಂಡು ನಾಲ್ಕು ಹೆಜ್ಜೆ ಆಚೆ ಸರಿಸಿದಳು. ಆಂಟಿ ನಕ್ಕು, ಇವಳಿಗೆಂದು ಗೆಣಸು, ತೆಂಗಿನಹಾಲು ಹಾಕಿದ ಒಂದು ಪೊಟ್ಟಣ ಬೇರೆ ಸುತ್ತಿದರು.

ಬೆಂದ ಮೇಲೆ ಯಾರು ಮೊದಲು ತಿನ್ನಬೇಕು? ನಮ್ಮವಳು ಗಂಟಲು ತುರಿಸದಿರಲಿ ಎಂದು ಹುಣಸೆಹುಳಿ ಹಾಕಿದ್ದಳು. ಅವರು ಹುಳಿಯ ಗೊಡವೆಯಿಲ್ಲದೆ ಗಂಟೆಗಟ್ಟಲೆ ಬೇಯಿಸಿದ್ದರು. ಒಬ್ಬರ ವಿದ್ಯೆಯಲ್ಲಿ ಇನ್ನೊಬ್ಬರಿಗೆ ನಂಬಿಕೆಯಿಲ್ಲ. ಕೊನೆಗೆ ಒಟ್ಟಿಗೆ ಬಾಯಿಗಿಟ್ಟುಕೊಂಡು, ಒಬ್ಬರ ಗಂಟಲನ್ನು ಒಬ್ಬರು ನೋಡುತ್ತ ಕೂತರು. ಯಾರಿಗೂ ತುರಿಸಲಿಲ್ಲ. ಅವರು ಗೆಡ್ಡೆ ಕುಟ್ಟಿ ಮಾಡಿದ ಅಂಬಲಿಯಂಥದನ್ನು ದೊಡ್ಡಮ್ಮ ನೆಕ್ಕಿ ನೋಡಿ, ಬೇಸರ ಮಾಡಿಕೊಳ್ಳದಿದ್ದರೆ ಇದಕ್ಕೊಂದು ಒಗ್ಗರಣೆ ಕೊಡಬಹುದೇ ಕೇಳು ಎಂದು ನನಗೆ ಹೇಳಿದಳು. ಕೊಟ್ಟಳು. ಹವಾಯಿ ಆಂಟಿ ಎರಡನೆಯ ಸಲ ಹಾಕಿಸಿಕೊಂಡರು!

ಎಲ್ಲರಿಗೂ ಬಡಿಸುವ ಮುಂಚೆ ಆಂಟಿ ಒಂದು ಮೈಕ್ ಹಿಡಿದು, ನಮ್ಮ ಕಡೆ ಊಟಕ್ಕೆ ಕೂರುವ ಮೊದಲು ಪ್ರತಿಯೊಬ್ಬರೂ ತಾವು ಯಾವ ನೀರಿನವರೆಂದು, ಅಂದರೆ ಯಾವ ನದಿ ತಮ್ಮನ್ನು ಸಾಕಿತೆಂದು ಹೇಳಬೇಕು ಎಂದರು. ಇದು ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತು. ವಾರವಿಡೀ ತನ್ನ ಸೀಮೆಯ ನದಿಗಳನ್ನು ಸುವರ್ಣೆ, ನೇತ್ರಾವತಿ, ಕಾವೇರಿ ಎಂದು ಸ್ನಾನದ ಸಂಕಲ್ಪದ ಹಾಗೆ ಉರು ಹಾಕಿದ್ದಳು. ಅವಳ ಸರದಿ ಬಂತು. ಅನುವಾದಕ್ಕೆ ನಾನು ಪಕ್ಕದಲ್ಲಿ ನಿಂತೆ. ದೊಡ್ಡಮ್ಮ ಟೊಪ್ಪಿ ಸರಿಮಾಡಿಕೊಂಡಳು.

"ನನ್ನ ನೀರು ನಮ್ಮನೆ ಹಿಂದಿನ ಹಳ್ಳ," ಎಂದಳು. "ಗೊತ್ತಿಲ್ದೆ ಅದರ ದಡ ಕೆಡಿಸಿದ್ದೆ. ಶನಿವಾರ ಶನಿವಾರ ಹೋಗಿ ಸರಿ ಮಾಡ್ತಿದೀನಿ. ಇನ್ನೂ ಮುಗಿದಿಲ್ಲ."

ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಗುಂಪಿನ ಹಿಂದಿನಿಂದ ಟೊಪ್ಪಿಯಮ್ಮ ಕೈಯೆತ್ತಿ, ಇವರು ನಮ್ಮ ತಂಡದವರು ಎಂದಳು. ಹವಾಯಿ ಆಂಟಿ ಬಂದು ತಮ್ಮೂರ ಪದ್ಧತಿಯಂತೆ ದೊಡ್ಡಮ್ಮನ ಹಣೆಗೆ ಹಣೆ ಮುಟ್ಟಿಸಿ ನಿಂತರು. ಇಬ್ಬರೂ ಕಣ್ಣು ಮುಚ್ಚಿದ್ದರು.

ದೊಡ್ಡಮ್ಮ ವಾಪಸು ಬಂದು ನನ್ನ ಪಕ್ಕ ಕೂತಳು. "ಆ ಟಿಕೆಟ್ ಬುಕ್ ಮಾಡ್ಬೇಡ ಕಣೇ," ಎಂದಳು ಮೆಲ್ಲಗೆ. "ಅಲ್ಲಿ ಇನ್ನೂ ಚಿಗುರು ಬರ್ತಾನೇ ಇದೆ. ಬಿಟ್ಟು ಹೋದ್ರೆ ಹಳ್ಳ ಏನಂದ್ಕೊಳ್ಳುತ್ತೆ."

ನಾನು ಅವಳ ಕೈ ಹಿಡಿದುಕೊಂಡು, ಆಚೆ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಗಂಡಸಿಗೆ, ಇವಳು ನನ್ನ ದೊಡ್ಡಮ್ಮ ಎಂದೆ. ಇವಳು ಯಾರೆಂದು ಆತ ಕೇಳಿಯೇ ಇರಲಿಲ್ಲ.