ಲಿಫ್ಟಿನೊಳಗೆ ಕಲಿತ ಗ್ರೀಕು

ಆಸ್ಪತ್ರೆಯ ಲಿಫ್ಟಿನಲ್ಲಿ ಕುಂತವನು ನಗುವ ಸಂಗತಿ ಹುಡುಕಿಕೊಂಡು ಹೋಗಬೇಕಿಲ್ಲ. ಬಾಗಿಲು ತೆರೆದರೆ ಸಾಕು, ಅದೇ ಒಳಗೆ ಬಂದು ನಿಲ್ಲುತ್ತದೆ.

ನಾನು ಸಾಂತಾಕ್ರೂಜಿನ ಒಂದು ಆಸ್ಪತ್ರೆಯಲ್ಲಿ ಲಿಫ್ಟ್‌ಮನ್. ಇಪ್ಪತ್ತಾರು ವರ್ಷ ಆಯಿತು. ಊರು ವಿಜಯಪುರದ ಕಡೆ. ನಾಲ್ಕನೇ ಇಯತ್ತೆ ತನಕ ಓದಿದ್ದೇನೆ. ಮೊದಲು ಕಬ್ಬಿಣದ ಜಾಳಿಗೆ ಬಾಗಿಲಿನ ಲಿಫ್ಟ್ ಇತ್ತು. ನಾನೇ ಎಳೆದು ಮುಚ್ಚಬೇಕಿತ್ತು. ಈಗ ಹೊಸದು ಬಂದಿದೆ. ತಾನೇ ಮುಚ್ಚುತ್ತದೆ, ತಾನೇ ನಿಲ್ಲುತ್ತದೆ. ಯಾವ ಮಹಡಿ ಬಂತು ಅಂತ ಒಬ್ಬ ಹೆಂಗಸಿನ ದನಿಯಲ್ಲಿ ಹೇಳುತ್ತದೆ.

ಹೊಸ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದರು. "ಕಾಕಾ, ಲಿಫ್ಟೇ ಮಾತಾಡ್ತದೆ. ಇನ್ನು ನಿಮ್ಮ ಕೆಲಸ ಏನು? ಒಂದು ತಿಂಗಳು ನೋಡ್ತೀನಿ. ಉಪಯೋಗ ಕಂಡರೆ ಇರಿ. ಇಲ್ಲಾಂದರೆ ಮನೆಯಲ್ಲಿ ಆರಾಮ ಮಾಡಿ" ಅಂದರು.

ಮನೆ ಅಂದರೆ ಕಾಂದಿವಲಿಯ ಚಾಳಿನಲ್ಲಿ ಒಂದು ಖೋಲಿ. ಹೆಂಡತಿ ತೀರಿಕೊಂಡು ಎಂಟು ತಿಂಗಳು. ಅಲ್ಲಿ ಆರಾಮ ಇಲ್ಲ. ವಾರದಲ್ಲಿ ಒಂದು ರವಿವಾರ ಕಳೆಯುವುದೇ ನನಗೆ ಭಾರ. ಸಾಹೇಬರು ಏಳೂ ದಿನ ರವಿವಾರ ಕೊಡುತ್ತೇನೆ ಅನ್ನುತ್ತಿದ್ದರು. ಆ ತಿಂಗಳು ನಾನು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಂತೆ.

ಆಕೆ ಅಂದದ್ದು, ನಾನು ಅಂದದ್ದು

ಮೊದಲು ಪ್ರತಿ ಮಹಡಿಗೆ ಮರಾಠಿಯಲ್ಲಿ ಸಾದಾ ಬೋರ್ಡು ಇತ್ತು. ಕಿಡ್ನಿ. ಹೊಟ್ಟೆ. ಹೃದಯ. ಹೊಸ ಸಾಹೇಬರು ನೋಡಿ, "ಇದು ಆಸ್ಪತ್ರೆಯೋ, ಮಟನ್ ಅಂಗಡಿಯೋ?" ಅಂತ ಎಲ್ಲಾ ತೆಗೆಸಿದರು. ಅಲ್ಲಿ ನೆಫ್ರಾಲಜಿ, ಗ್ಯಾಸ್ಟ್ರೋಎಂಟರಾಲಜಿ, ಕಾರ್ಡಿಯಾಲಜಿ ಅಂತ ಬಂದವು. ಲಿಫ್ಟಿನ ಹೆಂಗಸಿಗೂ ಅದನ್ನೇ ಕಲಿಸಿದರು.

ಮೂರನೇ ಮಹಡಿ ಬಂತು. ಆಕೆ "ನೆಫ್ರಾಲಜಿ" ಅಂದಳು. ಯಾರೂ ಅಲುಗಲಿಲ್ಲ. ನಾನು "ಕಿಡ್ನಿ" ಅಂದೆ. ನಾಲ್ಕು ಮಂದಿ ಇಳಿದರು. ನಾಲ್ಕನೇ ಮಹಡಿ. ಆಕೆ "ಗ್ಯಾಸ್ಟ್ರೋಎಂಟರಾಲಜಿ" ಅಂದಳು. ಎಲ್ಲರೂ ನನ್ನ ಮುಖ ನೋಡಿದರು. "ಹೊಟ್ಟೆ" ಅಂದೆ. ಆರು ಮಂದಿ ಇಳಿದರು.

ಬೊರಿವಲಿಯಿಂದ ಬಂದ ಒಬ್ಬ ಮುದುಕಿ ಒಳಗೇ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ಅದ್ಯಾರು ಮಾತಾಡೋದು, ನಿನ್ನ ಹೆಂಡತಿಯಾ?" ಅಂದಳು.

"ಅಲ್ಲ, ಮಾವಶಿ."

"ಮತ್ತೆ? ಅವಳು ಒಂದು ಅಂದರೆ ನೀನು ತಿದ್ದುತ್ತೀಯಲ್ಲ."

"ಅದರಿಂದಲೇ ಗೊತ್ತಾಗಬೇಕಿತ್ತು ಮಾವಶಿ. ಹೆಂಡತಿ ಆಗಿದ್ದರೆ ಆಕೆ ನನ್ನನ್ನ ತಿದ್ದುತ್ತಿದ್ದಳು."

ಒಂದು ಸವಾರಿಗೆ ಒಂದು ಶಬ್ದ

ನನಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳುತ್ತಾರೆ. ಆರನೇ ಮಹಡಿಗೆ ಹೋಗುವ ಒಬ್ಬ ಹಿರಿಯ ಡಾಕ್ಟರು ಕಲಿಸಿದರು. ಅವರು ಹೃದಯದವರು. ಹಳೇ ಲಿಫ್ಟು ನಿಧಾನ. ಕೆಳಗಿನಿಂದ ಆರಕ್ಕೆ ಹೋಗುವಷ್ಟರಲ್ಲಿ ಒಂದು ಶಬ್ದ ಮುಗಿಯುತ್ತಿತ್ತು.

"ಕಾಕಾ, ನೆಫ್ರೋಸ್ ಅಂದರೆ ಕಿಡ್ನಿ. ಗ್ರೀಕ್ ಭಾಷೆ." ಮರುದಿನ, "ಹೆಪಾರ್ ಅಂದರೆ ಲಿವರ್. ಗ್ರೀಕ್." ಅದರ ಮರುದಿನ, "ಶಬ್ದದ ಬಾಲದಲ್ಲಿ ಐಟಿಸ್ ಬಂದರೆ ಬಾವು. ಅದೂ ಗ್ರೀಕ್."

ಒಂದು ವರ್ಷ ಕೇಳಿದ ಮೇಲೆ ನನಗೊಂದು ಸಂಶಯ ಬಂತು.

"ಸಾಹೇಬ್ರ, ಆ ಗ್ರೀಕ್ ದೇಶದಾಗ ಮಂದಿ ಅದಾರೇನ್ರಿ ಇನ್ನೂ?"

"ಇದ್ದಾರಲ್ಲ."

"ಅವರಿಗೂ ಜಡ್ಡು ಬರ್ತಾವ?"

"ಬರ್ತವೆ."

"ಹಂಗಾದ್ರ ಡಾಕ್ಟರು ಏನು ಅಂದ್ರೂ ಅವರಿಗೆ ಪೂರಾ ತಿಳದಽ ಬಿಡ್ತೈತಲ್ರೀ?"

ಡಾಕ್ಟರು ಮೂರನೇ ಮಹಡಿಯಿಂದ ಆರನೇ ಮಹಡಿ ತನಕ ಯೋಚನೆ ಮಾಡಿದರು. ಇಳಿಯುವಾಗ "ಪಾಪ" ಅಂದರು. ಜನಕ್ಕೆ ಅಂದರೋ, ಅಲ್ಲಿಯ ಡಾಕ್ಟರಿಗೆ ಅಂದರೋ, ಕೇಳುವುದರೊಳಗೆ ಹೋಗಿಬಿಟ್ಟರು.

ತಲೆನೋವು

ಆಸ್ಪತ್ರೆ ಎದುರಿಗಿನ ಹೋಟೆಲಿನ ಗಲ್ಲೆಯ ಮೇಲೆ ಹಣ ತೆಗೆದುಕೊಳ್ಳಲು ಕೂಡುವವರು ಉಡುಪಿ ಕಡೆಯವರು. ಒಂದು ದಿನ ತಲೆ ಹಿಡಿದುಕೊಂಡು ಲಿಫ್ಟಿಗೆ ಬಂದರು. ಅರ್ಧ ತಾಸಿನ ಮೇಲೆ ಚೀಟಿ ಹಿಡಿದು ಮತ್ತೆ ಲಿಫ್ಟಿನೊಳಗೆ ಬಂದರು.

"ಇದರಲ್ಲಿ ಎಂತ ಬರೆದದ್ದು ನೋಡಿ ಮಾರಾಯ್ರೆ. ದೊಡ್ಡ ಕಾಯಿಲೆ ಉಂಟಾ ಅಂತ ನನಗೆ ಹೆದರಿಕೆ. ಸೆಫಲಾಲ್ಜಿಯಾ ಅಂತೆ."

ಅದೂ ನನ್ನ ಪಾಠದಲ್ಲಿ ಆಗಿತ್ತು. "ಕೆಫಲೆ ಅಂದ್ರ ತಲಿ. ಆಲ್ಗೋಸ್ ಅಂದ್ರ ನೋವು" ಅಂದೆ.

ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತಲೆನೋವು ಅಂತ ನಾನೇ ಅಲ್ವಾ ಅವರಿಗೆ ಹೇಳಿದ್ದು?"

"ಹೌದ್ರಿ."

"ಅದನ್ನೇ ತಿರುಗಿಸಿ ನನಗೆ ಕೊಟ್ಟದ್ದಾ? ಗಿರಾಕಿ ಬಂದು ಹಸಿವು ಅಂತಾನೆ. ನಾನು ಅದನ್ನು ಕಾಗದದಲ್ಲಿ ಸಂಸ್ಕೃತದಲ್ಲಿ ಬರೆದುಕೊಟ್ಟು ಕೈ ತೊಳೆದುಕೊಳ್ಳಿ ಅಂದರೆ ಬಿಡ್ತಾನಾ?"

ಮರುದಿನ ಅವರ ದೋಸೆ ಭಟ್ಟರು ತಲೆನೋವು ಅಂತ ರಜೆ ಕೇಳಿದರಂತೆ. "ಬರೀ ತಲೆನೋವಿಗೆ ರಜೆ ಇಲ್ಲ. ನನ್ನ ಹಾಗೆ ಸೆಫಲಾಲ್ಜಿಯಾ ಬರಲಿ, ನೋಡುವ" ಅಂದರಂತೆ ಇವರು.

ಹಾಗಲಕಾಯಿ

ದಿನಾ ಕಲಿತ ಶಬ್ದವನ್ನು ಸಂಜೆ ಹೆಂಡತಿಗೆ ಹೇಳುತ್ತಿದ್ದೆ. ಆಕೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ನಾನು ಮರೆತರೂ ಆಕೆ ಮರೆಯುತ್ತಿರಲಿಲ್ಲ.

ಆಮೇಲೆ ಆಕೆಗೇ ಉಸಿರು ಹಿಡಿಯತೊಡಗಿತು. ಪುಪ್ಪುಸ ಗಟ್ಟಿಯಾಗುವ ರೋಗ. ರಿಪೋರ್ಟಿನಲ್ಲಿ ಮೂರು ದೊಡ್ಡ ಶಬ್ದ ಇದ್ದವು. ಮೊದಲನೆಯದು ಇಡಿಯೋಪಥಿಕ್. "ಇದರ ಅರ್ಥ ಕೇಳಿಕೊಂಡು ಬರ್ರಿ" ಅಂದಳು.

ಲಿಫ್ಟಿನಲ್ಲಿ ಡಾಕ್ಟರಿಗೆ ಕೇಳಿದೆ. ಅವರು ಅಂದರು, "ಇಡಿಯೋಸ್ ಅಂದರೆ ತನ್ನದೇ. ಪಾಥೋಸ್ ಅಂದರೆ ಸಂಕಟ. ಒಟ್ಟಿಗೆ ಹೇಳಿದರೆ, ಯಾಕೆ ಬಂತು ಅಂತ ನಮಗೆ ಗೊತ್ತಿಲ್ಲ."

ಬಂದು ಹೆಂಡತಿಗೆ ಹೇಳಿದೆ. ಆಕೆ, "ಗೊತ್ತಿಲ್ಲ ಅನ್ನಾಕ ಅಷ್ಟು ದೂರ ಗ್ರೀಕಿಗೆ ಹೋಗಬೇಕಿತ್ತೇನು? ನಮ್ಮವ್ವ ಒಲಿ ಮುಂದ ಕುಂತಽ ಹೇಳತಿದ್ಲು" ಅಂದಳು.

ಚಾಳಿನಲ್ಲಿ ರೋಗದ ಹೆಸರು ಹೇಳಿದರೆ ಔಷಧ ಬಾಗಿಲಿಗೆ ಬರುತ್ತದೆ. ಶುಗರ್ ಅಂದರೆ ಹಾಗಲಕಾಯಿ ರಸ. ಜ್ವರ ಅಂದರೆ ಅಮೃತಬಳ್ಳಿ ಕಷಾಯ. ಬಿಪಿ ಅಂದರೆ ಹಸಿ ಬೆಳ್ಳುಳ್ಳಿ. ಕುಡಿಯುವ ತನಕ ತಂದವರು ಎದ್ದು ಹೋಗುವುದಿಲ್ಲ. ನಮ್ಮ ಬಾಗಿಲಿಗೂ ಐದು ಮಂದಿ ಹೆಂಗಸರು ಬಂದರು. ಏನು ರೋಗ ಅಂತ ಕೇಳಿದರು. ಹೆಂಡತಿ ಮೂರೂ ಶಬ್ದ ಬಿಡದೆ ಹೇಳಿದಳು. ಐವರೂ ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಒಬ್ಬಾಕೆ, "ಹಂಗಾದ್ರ ಚಹಾ ಕುಡಿಯಬಹುದಲ್ಲ?" ಅಂದಳು.

ಅವರು ಹೋದ ಮೇಲೆ ಹೆಂಡತಿ ಅಂದಳು, "ಗ್ರೀಕ್ ಛಲೋ ಭಾಷಾ ಐತ್ರಿ. ಹಾಗಲಕಾಯಿ ತಪ್ಪಿತು."

ಹೋಗುವ ತನಕ ಚಹಾನೇ ಕುಡಿದಳು. ಈಗ ಸಂಜೆ ನನ್ನ ಶಬ್ದ ಕೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐದನೇ ಮಹಡಿ

ಐದನೇ ಮಹಡಿ ಮೂಲವ್ಯಾಧಿಯದು. ಹಳೇ ಬೋರ್ಡಿನಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಷ್ಟು ವರ್ಷದಲ್ಲಿ ಲಿಫ್ಟಿನಿಂದ ಐದಕ್ಕೆ ಇಳಿದವರನ್ನು ನಾನು ಕಂಡಿಲ್ಲ. ಕೆಲವರು ನಾಲ್ಕಕ್ಕೆ ಇಳಿದು ಮೆಟ್ಟಿಲು ಹತ್ತುತ್ತಿದ್ದರು. ಕೆಲವರು ಆರಕ್ಕೆ ಇಳಿದು ಮೆಟ್ಟಿಲು ಇಳಿಯುತ್ತಿದ್ದರು. ಆ ಬ್ಯಾನಿ ಇಟ್ಟುಕೊಂಡು ಮೆಟ್ಟಿಲು.

ಹೊಸ ಬೋರ್ಡಿನಲ್ಲಿ ಪ್ರಾಕ್ಟಾಲಜಿ ಅಂತ ಬಂತು. ಪ್ರೋಕ್ಟೋಸ್ ಅಂದರೆ ಗುದ. ಅದೂ ಗ್ರೀಕ್. ಆವತ್ತಿನಿಂದ ಜನ ತಲೆ ಎತ್ತಿ ಐದಕ್ಕೆ ಇಳಿಯತೊಡಗಿದರು. ಎಲ್ಲಾ ಮಹಡಿಯಲ್ಲೂ ಅರ್ಥ ಹೇಳುತ್ತಿದ್ದ ನಾನು ಅಲ್ಲಿ ಮಾತ್ರ ಮೇಲಿನ ಫ್ಯಾನು ನೋಡುತ್ತಿದ್ದೆ.

ತಿಂಗಳ ಕಡೆಯ ದಿನ ಮ್ಯಾನೇಜರ್ ಸಾಹೇಬರು ನನ್ನ ಪರೀಕ್ಷೆಗೆ ಲಿಫ್ಟ್ ಹತ್ತಿದರು. ಕೈಯಲ್ಲಿ ಕಾಗದ, ಪೆನ್ನು. ಲಿಫ್ಟು ತುಂಬಿತ್ತು. ಮೂಲೆಯಲ್ಲಿ ಆಸ್ಪತ್ರೆಯ ಮಾಲಕರು, ದೊಡ್ಡ ಶೇಠ್‌ಜಿ, ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಆಫೀಸು ಏಳನೇ ಮಹಡಿ. ಆದರೆ ಐದರ ಬಟನ್ ಒತ್ತಿದ್ದು ಅವರದೇ ಬೆರಳು. ನಾನು ನೋಡಿದ್ದೆ. ಸಾಹೇಬರು ನೋಡಿರಲಿಲ್ಲ.

ಮೂರು ಬಂತು. "ಕಿಡ್ನಿ" ಅಂದೆ. ಸಾಹೇಬರು ಬರೆದುಕೊಂಡರು. ನಾಲ್ಕು ಬಂತು. "ಹೊಟ್ಟೆ" ಅಂದೆ. ಬರೆದುಕೊಂಡರು. ಐದು ಬಂತು. ಆಕೆ "ಪ್ರಾಕ್ಟಾಲಜಿ" ಅಂದಳು. ನಾನು ಫ್ಯಾನು ನೋಡಿದೆ.

"ಕಾಕಾ, ಇದರ ಅರ್ಥ ಹೇಳಲಿಲ್ಲವಲ್ಲ?"

"ಬ್ಯಾಡ್ರಿ ಸಾಹೇಬ್ರ."

"ಬೇಡ ಅಂದರೆ? ಗೊತ್ತಿದೆಯೋ ಇಲ್ಲವೋ?"

"ಗೊತ್ತೈತ್ರಿ."

"ಮತ್ತೆ ಜೋರಾಗಿ ಹೇಳಿ. ಶೇಠ್‌ಜಿಯೂ ಕೇಳಲಿ. ಇಲ್ಲಾಂದರೆ ಇವತ್ತೇ ನಿಮ್ಮ ಕಡೇ ದಿನ."

ಬೋರ್ಡು ಬರೆಸಿದವರು ಅವರೇ, ಯಾವುದೋ ದೊಡ್ಡ ಆಸ್ಪತ್ರೆಯ ಪಟ್ಟಿ ನೋಡಿ. ಅರ್ಥ ಅವರಿಗೂ ಗೊತ್ತಿಲ್ಲ ಅಂತ ಆಗ ತಿಳಿಯಿತು. ನನ್ನ ಕಣ್ಣ ಮುಂದೆ ಏಳು ರವಿವಾರ ಸಾಲಾಗಿ ನಿಂತವು. ಆದರೂ ಹೇಳಲಿಲ್ಲ. ಇಡೀ ಲಿಫ್ಟು ಬಾಗಿಲಿನ ಕಡೆ ನೋಡುತ್ತಿತ್ತು. ಒಬ್ಬರೂ ಇಳಿಯಲಿಲ್ಲ. ಬಾಗಿಲು ಮುಚ್ಚಿತು.

ಆರು ಬಂತು. ಶೇಠ್‌ಜಿ ತಲೆ ತಗ್ಗಿಸಿ ಇಳಿದು ಮೆಟ್ಟಿಲ ಕಡೆ ಹೊರಟರು. ಗೋಡೆ ಹಿಡಿದುಕೊಂಡು, ನಿಧಾನ.

ಆರು ಹೃದಯದ ಮಹಡಿ. ಸಾಹೇಬರು "ಶೇಠ್‌ಜಿಗೆ ಎದೆನೋವು!" ಅಂತ ಕೂಗಿ ಓಡಿದರು. ಇಬ್ಬರು ನರ್ಸು ವೀಲ್‌ಚೇರ್ ತಂದರು. "ನಡೀಬೇಡಿ ಶೇಠ್‌ಜಿ, ಕೂತುಕೊಳ್ಳಿ" ಅಂದರು ಸಾಹೇಬರು. ಶೇಠ್‌ಜಿ ಒಲ್ಲೆ ಅಂದರು. "ಇಂಥಾ ಹೊತ್ತಲ್ಲಿ ಸಂಕೋಚ ಬೇಡ" ಅಂತ ಸಾಹೇಬರು ಎರಡೂ ಭುಜ ಹಿಡಿದು ಬಲವಾಗಿ ಕೂರಿಸಿದರು.

ಶೇಠ್‌ಜಿಯ ಕೂಗು ಕೆಳಗೆ ರಿಕ್ಷಾದವರಿಗೂ ಕೇಳಿಸಿತಂತೆ.

ಮರುದಿನ ಶೇಠ್‌ಜಿ ಸಹಿ ಮಾಡಿದ ಕಾಗದ ಬಂತು. ಲಿಫ್ಟಿನ ದನಿ ಐದನೇ ಮಹಡಿಯಲ್ಲಿ ಬಂದ್ ಮಾಡಬೇಕು. ಮ್ಯಾನೇಜರರು ಮೆಟ್ಟಿಲು ಬಳಸಬೇಕು. ಲಿಫ್ಟ್‌ಮನ್ ಕಾಕಾ ತಾವೇ ಸಾಕು ಅನ್ನುವ ತನಕ ಇರಬೇಕು. ಕಾರಣ ಅನ್ನುವ ಕಡೆ ಒಂದೇ ಸಾಲು ಇತ್ತು: "ಇವರಿಗೆ ಅರ್ಥ ಗೊತ್ತಿದೆ, ಹೇಳುವುದಿಲ್ಲ."