ಇಪ್ಪತ್ತೇಳು ಜನರ ತಂಪು

ಚಿಕ್ಕಬೈರಪ್ಪನವರ ಭಾನುವಾರ ಹಾಳಾಗಿದ್ದು ಒಂದು ಅಂಕಿಯಿಂದ. ಅಂಕಿಯೂ ದೊಡ್ಡದೇನಲ್ಲ, ಬರೀ ಮೂರು.

ಅಬ್ಬಿಗೆರೆಯಲ್ಲಿ ಮೂವತ್ತು ವರ್ಷ ಸಿಮೆಂಟ್ ಬ್ಲಾಕ್ ಮಾಡಿ ಮಾರಿದ ಮನುಷ್ಯ ಅವರು. ಆ ಮೂವತ್ತು ವರ್ಷವೂ ಬೆವರುತ್ತಲೇ ಇದ್ದರು. ಕೆಲವರ ಮೈ ಹಾಗೆ; ಇವರಿಗೆ ಸಂಕ್ರಾಂತಿಯ ಬೆಳಗಿನಲ್ಲೂ ಹೆಗಲ ಮೇಲೊಂದು ಟವಲ್ ಬೇಕು. ಅವರ ಮದುವೆಯ ಫೋಟೋದಲ್ಲಿ ಹಣೆಯ ಕುಂಕುಮ ಮೂಗಿನ ತುದಿಗೆ ಇಳಿದು ನಿಂತಿರುವುದನ್ನು ಈಗಲೂ ನೋಡಬಹುದು.

ಹಳೆ ಮನೆ ಕೆಡವಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸುವಾಗ ಟೈಲ್ಸನ್ನು ಹೆಂಡತಿ ಮರಿಯಮ್ಮ ಆರಿಸಿದರು, ಗೋಡೆಯ ಬಣ್ಣವನ್ನು ಮಗಳು ರಮ್ಯ ಆರಿಸಿದಳು, ಗೇಟಿನ ಮೇಲೆ ಕೂರುವ ಎರಡು ಸಿಂಹಗಳನ್ನು ಚಿಕ್ಕಪ್ಪ ಮುನಿವೆಂಕಟಯ್ಯ ಆರಿಸಿದರು. ಚಿಕ್ಕಬೈರಪ್ಪ ಕೇಳಿದ್ದು ಒಂದೇ. ಇಷ್ಟು ವರ್ಷ ಬೆವರಿದ್ದು ಸಾಕು, ಈ ಬೇಸಿಗೆಯಲ್ಲಾದರೂ ತಮ್ಮ ಮನೆಯಲ್ಲಿ ತಾವು ತಣ್ಣಗೆ ಇರಬೇಕು. ಅದಕ್ಕಾಗಿ ಸೀಲಿಂಗಿನೊಳಗೆ ಹಾಲಿಗೂ ಎರಡು ಕೋಣೆಗೂ ಗಾಳಿ ಹೋಗುವ ಡಕ್ಟ್ ಎಳೆಸಿ, ನಡುವೆ ದೊಡ್ಡದೊಂದು ಕಿಂಡಿ ಬಿಡಿಸಿದ್ದರು. ಗೃಹಪ್ರವೇಶವಾಗಿ ತಿಂಗಳು ಕಳೆದರೂ ಆ ಕಿಂಡಿಯಲ್ಲಿ ಕೂರಬೇಕಾದ ಏರ್ ಹ್ಯಾಂಡ್ಲರ್ ಮಾತ್ರ ಬಂದಿರಲಿಲ್ಲ. ಮನೆಗೆಲ್ಲ ತಂಪು ಹಂಚುವ ಆ ಡಬ್ಬಕ್ಕೆ ಮರಿಯಮ್ಮ ಮೊದಲೇ ಗೆರೆ ಎಳೆದಿದ್ದರು: "ಎರಡು ಲಕ್ಷ. ಅದರ ಮೇಲೆ ಒಂದ್ ರೂಪಾಯಿ ಆದ್ರೂ ನೀವೇ ಬೀಸಣಿಗೆ ಹಿಡ್ಕೊಂಡು ನಿಂತ್ಕೊಳಿ."

ಬೆಳಿಗ್ಗೆ ಎಂಟಕ್ಕೆ ಟಿ. ದಾಸರಹಳ್ಳಿಯ ಏಸಿ ಅಂಗಡಿಯ ಜಮೀರ್ ಬಂದ. ಟೇಪು ಹಿಡಿದು ಹಾಲು ಅಳೆದ, ಕಿಟಕಿ ಎಣಿಸಿದ, ಕಡೆಗೆ ಒಂದು ಫಾರಂ ತೆಗೆದು ಕೇಳಿದ: "ಮನೇಲಿ ಎಷ್ಟು ಜನ ಸಾರ್?"

"ಜನ ಯಾಕಪ್ಪ?"

"ಮಶೀನು ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗ್ಬೇಕಲ್ಲ. ಒಬ್ಬ ಮನುಷ್ಯ ಅಂದ್ರೆ ಒಂದು ನೂರು ವ್ಯಾಟಿನ ಬಲ್ಬ್ ಉರಿದಂಗೆ ಸಾರ್. ಸುಮ್ನೆ ಕೂತಿದ್ರೂ ಬಿಸಿ ಬಿಡ್ತಾ ಇರ್ತಾನೆ."

"ನನ್ನ ಇನ್ನೂರು ಅಂತ ಹಾಕ್ಕೋ," ಎಂದು ಚಿಕ್ಕಬೈರಪ್ಪ ಮುಖ ಒರೆಸಿಕೊಳ್ಳುತ್ತಾ ಫಾರಂ ತೆಗೆದುಕೊಂಡು ದಪ್ಪಗೆ ಮೂರು ಎಂದು ಬರೆದರು.

ದಿನವೂ ಆ ಹೊತ್ತಿಗೆ ಕಾಫಿಗೂ ಪೇಪರಿಗೂ ಬರುವ ಮುನಿವೆಂಕಟಯ್ಯ ಸೋಫಾದಲ್ಲೇ ಕೂತಿದ್ದರು. ಎಪ್ಪತ್ತೆಂಟು ವರ್ಷವಾದರೂ ಬೇರೆಯವರ ಕಾಗದ ಓದಲು ಅವರಿಗೆ ಕನ್ನಡಕ ಬೇಕಿರಲಿಲ್ಲ.

"ಏನ್ಲಾ ಅದು, ಮೂರು?"

"ಮನೇಲಿ ಎಷ್ಟು ಜನ ಅಂತ ಚಿಕ್ಕಪ್ಪ. ಅಷ್ಟು ಜನಕ್ಕೆ ತಂಪು ಮಾಡೋ ಮಶೀನ್ ಕೊಡ್ತಾರಂತೆ."

"ಯಾರ್ ಯಾರು ಮೂರು?"

"ನಾನು, ಇವ್ಳು, ರಮ್ಯ."

ಮುನಿವೆಂಕಟಯ್ಯ ಲೋಟವನ್ನು ಟೀಪಾಯಿ ಮೇಲಿಟ್ಟರು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. "ದಿನಾ ಎರಡೊತ್ತು ಇಲ್ಲಿ ಬಂದು ಕುಂತ್ಕೊಳ್ಳೋನು ನಾನು. ನಿನ್ ಮದ್ವೇಲಿ ನಿನ್ ತಲೇಗೆ ಪೇಟ ಕಟ್ಟಿದೋನು ನಾನು. ನಂಗೆ ಒಂಚೂರು ಗಾಳಿ ಬರ್ಯಕ್ಕೆ ನಿನ್ ಪೆನ್ನಾಗೆ ಇಂಕಿಲ್ವೇನ್ಲಾ?" ಎಂದವರೇ ಟವಲನ್ನು ಹೆಗಲಿಗೆ ಕೊಡವಿ ಹೊರಟುಬಿಟ್ಟರು.

ಇದಕ್ಕೆ ಮುಂಚೆ ಅವರು ಅರ್ಧ ಕಾಫಿ ಬಿಟ್ಟು ಎದ್ದಿದ್ದು ಇಪ್ಪತ್ತು ವರ್ಷಗಳಲ್ಲಿ ಎರಡೇ ಸಲ. ಎರಡು ಸಲವೂ ಊರ ಹಿರಿಯರು ಕೂತು ರಾಜಿ ಮಾಡಿಸಬೇಕಾಗಿತ್ತು. ಚಿಕ್ಕಬೈರಪ್ಪ ಗಾಬರಿಯಿಂದ ಮೂರನ್ನು ಹೊಡೆದು ಐದು ಬರೆದು, "ಚಿಕ್ಕಪ್ಪಾ, ಬರ್ದೆ! ಚಿಕ್ಕಮ್ಮನ್ನೂ ಬರ್ದೆ!" ಎಂದು ಗೇಟಿನ ತನಕ ಓಡಿದರು. ಅಷ್ಟರಲ್ಲಿ ಮುನಿವೆಂಕಟಯ್ಯ ಬೀದಿ ಮೂಲೆಯ ಆಂಜಿನಪ್ಪನ ಮನೆಯೊಳಗೆ ಹೋಗಿಯಾಗಿತ್ತು.

ಆಂಜಿನಪ್ಪ ಚಿಕ್ಕಬೈರಪ್ಪನವರ ಖಾಸಾ ತಮ್ಮ. ಹತ್ತು ನಿಮಿಷಕ್ಕೆ ಬೈಕಿನಲ್ಲಿ ಬಂದ. ನೂರು ಹೆಜ್ಜೆಯ ದಾರಿಗೆ ಬೈಕು ತಂದಿದ್ದಾನೆಂದರೆ ವಿಷಯ ಸಣ್ಣದಲ್ಲ.

"ಅಣ್ಣ, ಚಿಕ್ಕಪ್ಪನ್ನ ಲಿಸ್ಟಿಂದ ತೆಗೆದ್ಯಂತೆ?"

"ತೆಗೀಲಿಲ್ಲ ಕಣೋ. ನೋಡು, ಐದು ಬರ್ದಿದೀನಿ."

ಆಂಜಿನಪ್ಪ ಫಾರಂ ನೋಡಿದ. ತಿರುಗಿಸಿ ಹಿಂದುಗಡೆಯೂ ನೋಡಿದ. "ಐದರಲ್ಲಿ ನಾವು ಎಲ್ಲಿದೀವಿ?"

"ನಿಮ್ಮನೇಲಿ ನೀವಿದೀರಲ್ಲೋ."

"ಓ. ನಮ್ಮನೆ ಬೇರೆ, ನಿಮ್ಮನೆ ಬೇರೆ. ಅಪ್ಪ ಇದ್ದಿದ್ರೆ ಈ ಮಾತು ಬರ್ತಿತ್ತೇನಣ್ಣ?"

ಅಪ್ಪನ ಹೆಸರೆತ್ತಿದ ಮೇಲೆ ಚಿಕ್ಕಬೈರಪ್ಪ ಮತ್ತೆ ಪೆನ್ನು ತೆಗೆದರು. ಐದು ಹತ್ತಾಯಿತು. ಕಾಂಪೌಂಡಿನ ಆಚೆ ಬಟ್ಟೆ ಹಿಂಡುತ್ತಿದ್ದ ತಾಹೆರಾ ಈ ಮಾತುಗಳನ್ನೆಲ್ಲ ಕೇಳಿಸಿಕೊಂಡು ಗೋಡೆಯ ಮೇಲಿಂದ ತಲೆ ಎತ್ತಿದಳು. ಅವಳದು ಇಪ್ಪತ್ತೈದು ವರ್ಷದ ನೆರೆ. "ಬೈರಪ್ಪಣ್ಣ, ರಮ್ಯ ಚಿಕ್ಕೋಳಿದ್ದಾಗ ಮಧ್ಯಾಹ್ನದ ಊಟ ಯಾರ ಮನೇಲಿ ಮಾಡ್ತಿದ್ಲು ಹೇಳಿ? ನಾನೇನು ಕೇಳ್ತಿಲ್ಲಪ್ಪ. ಸುಮ್ನೆ ಜ್ಞಾಪಕ ಮಾಡ್ದೆ ಅಷ್ಟೆ." ಹತ್ತು ಹದಿನಾಲ್ಕಾಯಿತು.

ಇನ್ನು ಮರಿಯಮ್ಮ ತಡೆಯುತ್ತಾರೆಂದು ಅವರು ನಂಬಿದ್ದರು. ಎರಡು ಲಕ್ಷದ ಗೆರೆ ಎಳೆದವರು ಅವರೇ ತಾನೆ? ಮರಿಯಮ್ಮ ಅಡಿಗೆಮನೆಯಿಂದ ಸೌಟು ಹಿಡಿದು ಬಂದರು.

"ರೀ, ನಿಮ್ಮ ಕಡೆಯೋರ್ನೆಲ್ಲ ಬರ್ಕೊಂಡ್ರಿ. ಸಂತೋಷ. ನಮ್ಮ ತವರುಮನೆಯೋರು ಬೆವರಿ ಸಾಯ್ಲಾ?"

"ಎರಡು ಲಕ್ಷ ದಾಟ್ತದೆ ಕಣೇ!"

"ದಾಟಬಾರ್ದು. ನಮ್ಮೋರೂ ಬಿಡಬಾರ್ದು."

ತವರಿನವರು ಒಂಬತ್ತು ಜನ. ಅವರನ್ನು ಬರೆದ ಮೇಲೆ ಹುಣಸಮಾರನಹಳ್ಳಿಯಲ್ಲಿರುವ ಚಿಕ್ಕಬೈರಪ್ಪನವರ ಅಕ್ಕನ ಮನೆಯ ನಾಲ್ವರನ್ನು ಬಿಟ್ಟರೆ ಭೂಮಿ ಬಿರಿಯುತ್ತಿತ್ತು. ಹನ್ನೊಂದು ಗಂಟೆಗೆ ಫಾರಮ್ಮಿನಲ್ಲಿ ಜಾಗ ಸಾಲದೆ ರಮ್ಯಳ ನೋಟುಬುಕ್ಕಿನ ಹಾಳೆ ಹರಿದು ಹೆಸರುಗಳನ್ನು ಬರೆಯಲಾಯಿತು. ಒಟ್ಟು ಇಪ್ಪತ್ತೇಳು.

ಚಿಕ್ಕಬೈರಪ್ಪ ಅದನ್ನು ಹಿಡಿದು ಅಂಗಡಿಗೇ ಹೋದರು. ಅಲ್ಲಿ ಜಮೀರ್ ಆ ಹಾಳೆಯನ್ನು ಎರಡು ಸಲ ಓದಿದ. "ಸಾರ್, ಇದು ಮನೆನಾ, ಛತ್ರನಾ?"

"ಬಾಯಿ ಮುಚ್ಕೊಂಡು ಲೆಕ್ಕ ಹಾಕಪ್ಪ."

ಲೆಕ್ಕ ಹಾಕಿದ. ಮೂರು ಜನಕ್ಕೆ ಸಾಕಾಗುತ್ತಿದ್ದ ಮೂರು ಟನ್ನಿನ ಮಶೀನಿನ ಜಾಗದಲ್ಲಿ ಆರು ಟನ್ನಿನದು ಬೇಕೆಂದ. ಅದನ್ನು ತೋರಿಸಿದ. ಲಾರಿಯ ಕ್ಯಾಬಿನ್ನಿನಷ್ಟಿದ್ದ ಆ ಡಬ್ಬ ಕಿಂಡಿಯಲ್ಲಿ ಹಿಡಿಸಬೇಕಾದರೆ ಅರ್ಧ ಸೀಲಿಂಗ್ ಕೀಳಬೇಕಿತ್ತು. ಬೆಲೆ ಮೂರು ಲಕ್ಷ ಎಂಬತ್ತು ಸಾವಿರ. ಅದರ ಪಕ್ಕದಲ್ಲೇ ಮೂರು ಟನ್ನಿನದು, ಬೂದು ಬಣ್ಣದ್ದು, ಪಾಪದ ಮುಖ ಮಾಡಿಕೊಂಡು ಕೂತಿತ್ತು. ಫೋನಿನಿಂದ ಆನ್ ಆಗುವುದಿಲ್ಲ, ದೀಪಗೀಪ ಇಲ್ಲ, ಫಿಲ್ಟರ್ ಬಿಚ್ಚಿ ನಲ್ಲಿ ಕೆಳಗೆ ತೊಳೆದರೆ ಸಾಕು. ಒಂದು ಲಕ್ಷ ತೊಂಬತ್ತು ಸಾವಿರ. ಚಿಕ್ಕಬೈರಪ್ಪನವರಿಗೆ ಅದರ ಮೇಲೆ ಮನಸ್ಸು ಕೂತಿತು. ಅದರಲ್ಲಿ ತಮ್ಮದೇ ಸ್ವಭಾವ ಕಂಡಿರಬೇಕು.

ಟವಲಿನಿಂದ ಕತ್ತು ಒರೆಸಿಕೊಂಡು ಐದು ನಿಮಿಷ ಯೋಚಿಸಿದರು. ಜೀವನದಲ್ಲಿ ಮೊದಲ ಸಲ ಅವರಿಗೊಂದು ಉಪಾಯ ಹೊಳೆಯಿತು.

"ಈ ಚಿಕ್ಕದನ್ನೇ ಹಾಕು. ಹೆಸರಿನ ಹಾಳೇನ ಇದರ ಮೇಲೆ ಅಂಟಿಸು."

"ಸಾರ್, ಇದು ಮೂರ್ ಜನಕ್ಕೆ. ಹೆಚ್ಚಂದ್ರೆ ಆರು. ಇಪ್ಪತ್ತೇಳು ಜನ ಕೂತ್ರೆ ಇದು ಬರೀ ಫ್ಯಾನು."

"ಇಪ್ಪತ್ತೇಳು ಜನ ಯಾಕಪ್ಪ ಬರ್ತಾರೆ? ಅವರವರಿಗೆ ಅವರವರ ಮನೆ ಇದೆ. ಅವರಿಗೆ ಬೇಕಾಗಿರೋದು ಹೆಸರು, ಗಾಳಿ ಅಲ್ಲ."

"ಕೇಳಿದ್ರೆ ನಾನು ಸುಳ್ಳು ಹೇಳಲ್ಲ."

"ನೀನೇನೂ ಹೇಳ್ಬೇಡ. ಅಂಟಿಸೋ ಟೇಪ್ ಕೊಡು."

ಮೂರು ಗಂಟೆಗೆ ಟೆಂಪೋದಲ್ಲಿ ಡಬ್ಬ ಬಂತು. ಹಣೆಗೆ ಬಾಸಿಂಗ ಕಟ್ಟಿದ ಹಾಗೆ ಅದರ ಮುಂದೆ ಇಪ್ಪತ್ತೇಳು ಹೆಸರಿನ ಹಾಳೆ. ಮುನಿವೆಂಕಟಯ್ಯನವರನ್ನು ಕರೆದು ತಂದರು. ರಮ್ಯ ಗಟ್ಟಿಯಾಗಿ ಓದಿದಳು. ಮೊದಲ ಹೆಸರೇ ಅವರದು.

"ನನ್ನ ಎಸ್ರು ಮೊದ್ಲು ಬರ್ದವ್ನೆ," ಎಂದರು ಮುದುಕರು. ಕಣ್ಣು ಒದ್ದೆಯಾಗಿತ್ತು. "ಇಪ್ಪತ್ತೇಳು! ನಕ್ಸತ್ರ ಎಷ್ಟೈತೋ ಅಷ್ಟು. ಬೈರಪ್ಪ, ನೀನು ದೊಡ್ಡ ಮನಸ್ಸಿನೋನು ಕಣ್ಲಾ. ಬೆಳಿಗ್ಗೆ ನಾನು ಅಂಗೆ ಮಾತಾಡಬಾರ್ದಾಗಿತ್ತು."

ಚಿಕ್ಕಬೈರಪ್ಪನವರಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಇಷ್ಟು ಪ್ರೀತಿಯ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಆದರೂ ನಿಂಬೆಹಣ್ಣು ಇಳಿ ತೆಗೆದು, ಕುಂಕುಮ ಇಟ್ಟು, ಡಬ್ಬವನ್ನು ಮೇಲಕ್ಕೇರಿಸಿದರು. ಬಿಸಿಗಾಳಿ ಉಗುಳುವ ಹೊರಗಿನ ಯಂತ್ರವನ್ನು ತಾರಸಿಯ ಮೇಲೆ ಕೂರಿಸಿ ಪೈಪು ಜೋಡಿಸಿದ ಜಮೀರ್, ಐದೂವರೆಗೆ ಸ್ವಿಚ್ ಒತ್ತಿ, ಯಾರೂ ಏನೂ ಕೇಳುವ ಮೊದಲೇ ಟೆಂಪೋ ಹತ್ತಿದ.

ಚಿಕ್ಕಬೈರಪ್ಪ ಕಿಂಡಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ತಂಪು ಮೊದಲು ನೆತ್ತಿಗೆ ಬಂತು, ಆಮೇಲೆ ಕತ್ತಿಗೆ ಇಳಿಯಿತು. ಡಿಗ್ರಿ ತೋರಿಸಲು ಜಮೀರ್ ಗೋಡೆಗೆ ಹಾಕಿದ್ದ ಪುಟ್ಟ ಪೆಟ್ಟಿಗೆಯ ಅಂಕಿ ಮೂವತ್ತೆರಡರಿಂದ ಇಪ್ಪತ್ತಮೂರಕ್ಕೆ ಬಂತು. ಟವಲನ್ನು ಮಡಿಸಿ ಪಕ್ಕಕ್ಕಿಟ್ಟರು. ಅವರು ಕಣ್ಣು ಮುಚ್ಚಿ ಕೂತ ಆ ಅರ್ಧ ಗಂಟೆಯಷ್ಟು ಸುಖವನ್ನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ಆರೂಕಾಲಿಗೆ ಗೇಟು ಕಿರುಗುಟ್ಟಿತು. ಆಂಜಿನಪ್ಪ, ಹೆಂಡತಿ, ಮೂವರು ಮಕ್ಕಳು. ಕೈಯಲ್ಲಿ ಚಾಪೆ, ದಿಂಬು, ಚಿತ್ರಾನ್ನದ ಡಬ್ಬಿ.

"ಏನೋ ಇದು?"

"ಅಷ್ಟು ದುಡ್ಡು ಹಾಕಿ ನಮ್ಮ ಹೆಸರಿಗೂ ತರಿಸಿದೀಯ. ನಾವು ಬರದೇ ಇದ್ರೆ ನಿನಗೆ ಬೇಜಾರಾಗಲ್ವಾ ಅಣ್ಣ?"

ಹಿಂದೆಯೇ ತಾಹೆರಾ, ಗಂಡ, ಮಕ್ಕಳು, ಒಂದು ಪಾತ್ರೆ ಶಾವಿಗೆಯ ಶೀರ್‌ಕುರ್ಮಾ. "ನಿಮ್ಮ ಮಾತಿಗೆ ಬೆಲೆ ಕೊಡ್ಬೇಕಲ್ಲ ಬೈರಪ್ಪಣ್ಣ." ಆಟೋದಲ್ಲಿ ಮರಿಯಮ್ಮನ ತವರು. ಕಾರಿನಲ್ಲಿ ಹುಣಸಮಾರನಹಳ್ಳಿ. ಬೆಳಿಗ್ಗೆ ಹೆಸರು ಬರೆಯದಿದ್ದರೆ ಅವರಿಗೆ ನೋವಾಗುತ್ತದೆಂದು ಇವರು ಹೆದರಿದ್ದರು; ಈಗ ಬರದಿದ್ದರೆ ಇವರಿಗೆ ನೋವಾಗುತ್ತದೆಂದು ಅವರೆಲ್ಲ ಬಂದಿದ್ದರು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಮರಿಯಮ್ಮ ಸಂಭ್ರಮದಿಂದ ಎಲ್ಲರಿಗೂ ಜಾಗ ಮಾಡಿಕೊಟ್ಟರು.

ಇಪ್ಪತ್ತೇಳು ಬಲ್ಬುಗಳೂ ಒಟ್ಟಿಗೆ ಉರಿಯತೊಡಗಿದವು. ಚಿಕ್ಕಬೈರಪ್ಪನವರ ಕಣ್ಣು ಗೋಡೆಯ ಅಂಕಿಯ ಮೇಲೆ. ಇಪ್ಪತ್ತಮೂರು ಇಪ್ಪತ್ತಾರಾಯಿತು. ಚಿತ್ರಾನ್ನದ ಡಬ್ಬಿ ತೆಗೆದಾಗ ಇಪ್ಪತ್ತೆಂಟು. ಮಕ್ಕಳು ಓಡಾಡತೊಡಗಿದಾಗ ಮೂವತ್ತು. ಮಡಿಸಿಟ್ಟ ಟವಲನ್ನು ಅವರು ಮತ್ತೆ ಕೈಗೆತ್ತಿಕೊಂಡರು.

ಆಂಜಿನಪ್ಪ ಅಂಗಿಯ ಗುಂಡಿ ಬಿಚ್ಚಿದ. "ಅಣ್ಣ, ಇದು ಇಪ್ಪತ್ತೇಳು ಜನದ್ದೇ ತಾನೆ? ಯಾಕೋ ಡೌಟು. ಆ ಜಮೀರ್ ಕಮ್ಮಿದು ಹಾಕಿ ಮೋಸ ಮಾಡಿರ್ಬೇಕು. ನಂಬರ್ ಕೊಡು, ಈಗ್ಲೇ ಕೇಳ್ತೀನಿ."

ಜಮೀರ್ ಸುಳ್ಳು ಹೇಳುವುದಿಲ್ಲ. ಒಂದು ಫೋನು ಹೋದರೆ ಸಾಕು, ಮುನಿವೆಂಕಟಯ್ಯನವರ ಕಣ್ಣು ಮತ್ತೆ ಒದ್ದೆಯಾಗುತ್ತದೆ, ಈ ಸಲ ಬೇರೆ ಕಾರಣಕ್ಕೆ. ಚಿಕ್ಕಬೈರಪ್ಪನವರು ಅದನ್ನು ನೋಡಲಾರರು. ಎದ್ದು ನಿಂತು ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ಚಳಿ ಹಿಡಿದವರಂತೆ ಹಲ್ಲು ಕಟಕಟಿಸಿದರು.

"ಅಯ್ಯಪ್ಪಾ, ಏನ್ ಚಳಿನೋ! ನನ್ ಕೈಲಂತೂ ಆಗಲ್ಲ. ಮಶೀನು ಬಲೇ ಸ್ಟ್ರಾಂಗು!"

ಎಲ್ಲರೂ ಅವರನ್ನೇ ನೋಡಿದರು. ವರ್ಷವಿಡೀ ಬೆವರುವ ಮನುಷ್ಯನೇ ಚಳಿ ಎಂದರೆ ಇನ್ನು ಮಾತೆಲ್ಲಿ? ಆಂಜಿನಪ್ಪ ನಾಚಿಕೊಂಡು ಗುಂಡಿ ಹಾಕಿಕೊಂಡ. "ಹೌದು, ಈಗ ಗೊತ್ತಾಗ್ತಿದೆ," ಎಂದ. ಅಕ್ಕ ಸೆರಗು ಹೊದ್ದರು. ಯಾರೋ ಮಗುವಿಗೆ ಟೋಪಿ ಕೇಳಿದರು.

"ಆದ್ರೆ ಅಣ್ಣ, ಮುಖದಲ್ಲಿ ನೀರು ಇಳೀತಾ ಇದೆಯಲ್ಲ?" ಎಂದಳು ತಾಹೆರಾ.

"ಅದು... ತಣ್ಣನೆ ಬೆವರು ಕಣಮ್ಮ. ನಾನು ಸ್ವಲ್ಪ ತಾರಸಿ ಮೇಲೆ ಇರ್ತೀನಿ. ನೀವು ಕೂತ್ಕೊಳಿ."

ತಾವು ಹೊರಗೆ ಹೋದರೆ ಒಂದು ಬಲ್ಬಿನಷ್ಟಾದರೂ ಕಡಿಮೆಯಾದೀತು ಎಂಬ ಆಸೆಯೂ ಇತ್ತು. ಮೆಟ್ಟಿಲು ಹತ್ತಿ ಹೋದರು. ಆದರೆ ಪಕ್ಕದಲ್ಲಿ ಎದ್ದಿದ್ದ ಗೌಡರ ಎತ್ತರದ ಕಾಂಪ್ಲೆಕ್ಸು ಆ ಕಡೆಯ ಗಾಳಿಯನ್ನು ಪೂರ್ತಿ ತಡೆದಿತ್ತು. ತಾರಸಿಯ ಮೇಲೆ ಇದ್ದ ಒಂದೇ ಗಾಳಿ ಎಂದರೆ ಹೊರಗಿನ ಯಂತ್ರದ್ದು. ಕೆಳಗಿನ ಇಪ್ಪತ್ತಾರು ಜನರ ಬಿಸಿಯನ್ನೆಲ್ಲ ಹೊತ್ತು ತಂದು ಅದು ಮುಖಕ್ಕೆ ಊದುತ್ತಿತ್ತು. ಟ್ಯಾಂಕಿನ ಪಕ್ಕದಲ್ಲಿ ಮಾತ್ರ ಕೂರಲು ಕಟ್ಟೆ ಇತ್ತು, ಆ ಕಟ್ಟೆ ನೇರವಾಗಿ ಅದರೆದುರಿಗೆ ಇತ್ತು. ಅಲ್ಲೇ ಕೂತು ಟವಲು ಹಿಂಡಿದರು.

ಹಿಂದೆ ಏದುಸಿರು ಕೇಳಿಸಿತು. ಮುನಿವೆಂಕಟಯ್ಯ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹೆಗಲ ಮೇಲೊಂದು ಕುರಿಯ ಕಂಬಳಿ, ಕೈಯಲ್ಲೊಂದು ಹಬೆಯಾಡುವ ಲೋಟ.

"ಚಳಿಜ್ವರ ಕಣ್ಲಾ ಇದು. ಬೆವರು ನೋಡಿದ್ರೆ ಗೊತ್ತಾಗಕಿಲ್ವಾ? ನಮಗೋಸ್ಕರ ಇಷ್ಟೆಲ್ಲ ಮಾಡಿ ನೀನೇ ಮಲಗಿಬಿಟ್ರೆ ಎಂಗೆ?" ಎಂದು ಕಂಬಳಿಯನ್ನು ಕಿವಿ ಮುಚ್ಚುವ ಹಾಗೆ ಅವರಿಗೆ ಸುತ್ತಿದರು. "ಬಿಸಿಗಾಳಿ ಬರೋ ಜಾಗ ನೋಡ್ಕೊಂಡು ಕುಂತಿದೀಯ, ಒಳ್ಳೇದೇ ಆಯ್ತು. ನಾಳೆ ನೀನು ಕೆಳಗೆ ಇಳೀಬೇಡ. ಮಳೆಗಾಲ ಬರೋಗಂಟ ದಿನಾ ಸಂಜೆ ನಾವೇ ಬಂದು ಮಶೀನು ನೋಡ್ಕಂತೀವಿ. ನಿನ್ ದುಡ್ಡು ದಂಡ ಆಗಕ್ಕೆ ಬಿಡಾಕಿಲ್ಲ."

ಕಂಬಳಿಯೊಳಗೆ ಚಿಕ್ಕಬೈರಪ್ಪ ಟವಲಿಗಾಗಿ ತಡಕಾಡಿದರು.

"ಮೆಣಸಿನ ಕಷಾಯ. ಒಂದೇ ಗುಟುಕಿಗೆ ಕುಡಿ," ಎಂದು ಮುನಿವೆಂಕಟಯ್ಯ ಲೋಟವನ್ನು ಅವರ ಕೈಗೆ ಕೊಟ್ಟರು. "ಚೆನ್ನಾಗಿ ಬೆವರ್ಬೇಕು ನೀನು."